ಪ್ರತಿಗಳು: ಬೇಕಾದಷ್ಟು

ಕೈಗೆ ಸಿಕ್ಕ ಯಾವುದಾದರೂ ಕನ್ನಡ ಪುಸ್ತಕ ತೆಗೆದು ಎರಡನೇ ಪುಟ ನೋಡಿ. ಹೆಸರು, ಹಕ್ಕುಗಳು, ಪುಟ, ಬೆಲೆ ಎಲ್ಲ ಆದ ಮೇಲೆ ಒಂದು ಸಾಲು ಇರುತ್ತದೆ: 'ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್ಲಿಥೋ, 1/8 ಡೆಮಿ'. ಅದರ ಅಕ್ಕಪಕ್ಕದಲ್ಲೇ ಇನ್ನೊಂದು: 'ಪ್ರತಿಗಳು: 1000'. ಓದುಗರು ಈ ಸಾಲಿನ ಕಡೆ ಕಣ್ಣು ಹಾಯಿಸುವುದೂ ಇಲ್ಲ. ಸ್ವಂತ ದುಡ್ಡಲ್ಲಿ ಪುಸ್ತಕ ಹಾಕಿಸಿದವರಿಗೆ ಮಾತ್ರ ಆ ಸಾವಿರ ಅಂದರೆ ಏನು ಅಂತ ಗೊತ್ತು. ಸಾವಿರ ಅಂದರೆ ಅಟ್ಟ ತುಂಬ ಕಟ್ಟು.

ನನ್ನ ಮೊದಲ ಕಥಾಸಂಕಲನ ಸಾವಿರ ಪ್ರತಿ ಹಾಕಿಸಿದ್ದೆ. ಬಿಡುಗಡೆಯ ದಿನ ನೂರಹತ್ತು ಹೋಯಿತು. ಅಂಗಡಿಗಳಿಗೆ ಕೊಟ್ಟದ್ದರಲ್ಲಿ ಒಂದಷ್ಟು ಹೋಯಿತು, ಒಂದಷ್ಟು ಮೂಲೆ ಮುದುಡಿ ವಾಪಸ್ ಬಂತು. ಆಮೇಲೆ ಮೂರು ವರ್ಷ ಯಾರ ಮದುವೆಗೆ ಹೋದರೂ ನನ್ನದೇ ಪುಸ್ತಕ ಉಡುಗೊರೆ. ಕೊನೆಕೊನೆಗೆ ನನ್ನ ಕೈಲಿ ಕವರ್ ಕಂಡರೆ ಸಾಕು, ನೆಂಟರು 'ನಮ್ಮನೇಲಿ ಆಗಲೇ ಎರಡು ಇದೆ ಕಣಪ್ಪಾ' ಅನ್ನುತ್ತಿದ್ದರು. ಮನೆ ಬದಲಿಸುವಾಗ ಎಣಿಸಿದರೆ ಇನ್ನೂ 412 ಉಳಿದಿದ್ದವು. ಕೆಲವು ಕಟ್ಟುಗಳ ಕಂದು ಕಾಗದ ಬಿಚ್ಚಿಯೇ ಇರಲಿಲ್ಲ.

ಎರಡನೇ ಪುಸ್ತಕಕ್ಕೆ ಪ್ರಿಂಟ್ ಆನ್ ಡಿಮ್ಯಾಂಡ್ ಕಡೆ ಹೋದೆ. ಎಲ್ಲರೂ ಚಿಕ್ಕದಾಗಿ ಪಿಒಡಿ ಅನ್ನುತ್ತಾರೆ. ಯಾರೋ ಒಂದು ಪ್ರತಿ ಕೇಳಿದರೆ ಒಂದೇ ಪ್ರತಿ ಮುದ್ರಣ. ಯಾರೂ ಕೇಳದಿದ್ದರೆ ಮುದ್ರಣವೇ ಇಲ್ಲ. ಕೇಳೋಕೆ ಇಷ್ಟು ಸರಳ. ಒಳಗೆ ಇಳಿದರೆ ಲೆಕ್ಕ ಬೇರೆಯೇ ಇದೆ.

ಮೊದಲು, ಸಾವಿರವೇ ಯಾಕೆ ಅನ್ನುವುದನ್ನು ನೋಡೋಣ. ಅದು ಆಫ್‌ಸೆಟ್, ಅಂದರೆ ಪ್ಲೇಟ್ ಮೇಲೆ ಪುಟ ಮೂಡಿಸಿ ಅದರಿಂದ ಅಚ್ಚು ಹಾಕುವ ಯಂತ್ರದ ಸ್ವಭಾವ. 18 ಇಂಚು ಅಗಲ, 23 ಇಂಚು ಉದ್ದದ ಡೆಮಿ ಹಾಳೆಯ ಒಂದು ಮಗ್ಗುಲಲ್ಲಿ ಎಂಟು ಪುಟ ಕೂರುತ್ತದೆ, ಇನ್ನೊಂದರಲ್ಲಿ ಎಂಟು. ಮಡಿಚಿ ಕತ್ತರಿಸಿದರೆ 16 ಪುಟ. ಪ್ರೆಸ್ಸಿನವರು ಒಂದು ಫಾರಂ ಅನ್ನುವುದು ಇದನ್ನೇ. 160 ಪುಟದ ಪುಸ್ತಕಕ್ಕೆ ಹತ್ತು ಫಾರಂ. ಒಂದೊಂದು ಮಗ್ಗುಲಿಗೂ ಒಂದು ಪ್ಲೇಟ್ ಅಂದರೆ 20 ಪ್ಲೇಟ್. ಬಣ್ಣದ ಮುಖಪುಟಕ್ಕೆ ಇನ್ನು ನಾಲ್ಕು. ಪ್ಲೇಟ್ ಕೂರಿಸಿ, ಶಾಯಿ ಮತ್ತು ನೀರಿನ ಹದ ಬರುವ ತನಕ ಒಂದಷ್ಟು ಹಾಳೆ ದಂಡ. ಕಾವಲಿ ಕಾಯುವ ತನಕ ಮೊದಲೆರಡು ದೋಸೆ ಕೆಟ್ಟ ಹಾಗೆ. ಹತ್ತು ಪ್ರತಿ ಬೇಕೆಂದರೂ ಈ ಖರ್ಚು ಅಷ್ಟೇ, ಹತ್ತು ಸಾವಿರ ಬೇಕೆಂದರೂ ಅಷ್ಟೇ. ಹದ ಬಂದ ಮೇಲೆ ಮುಂದಿನ ಪ್ರತಿಗೆ ಬರೀ ಕಾಗದ, ಶಾಯಿ, ಬೈಂಡಿಂಗ್ ಖರ್ಚು. ಅದಕ್ಕೇ ಪ್ರೆಸ್ಸಿನವರು 'ಐನೂರಕ್ಕೂ ಸಾವಿರಕ್ಕೂ ಏನ್ ಮಹಾ ವ್ಯತ್ಯಾಸ ಸಾರ್, ಸಾವಿರಾನೇ ಹಾಕ್ಸಿಬಿಡಿ' ಅನ್ನುವುದು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹೆಚ್ಚಿನ ಐನೂರನ್ನು ಇಟ್ಟುಕೊಳ್ಳಬೇಕಾದವರು ಅವರಲ್ಲ, ನಾವು.

ಡಿಜಿಟಲ್ ಯಂತ್ರಕ್ಕೆ ಪ್ಲೇಟ್ ಬೇಡ. ಆಫೀಸಿನ ಲೇಸರ್ ಪ್ರಿಂಟರ್‌ನ ದೊಡ್ಡಣ್ಣ ಅಂದುಕೊಳ್ಳಿ. ಕಡತ ನೇರ ಯಂತ್ರಕ್ಕೆ ಹೋಗುತ್ತದೆ, ಒಂದನೇ ಪುಟದಿಂದ 160ನೇ ಪುಟದ ತನಕ ಸಾಲಾಗಿ ಬರುತ್ತದೆ. ಬಿಸಿ ಅಂಟು ಹಚ್ಚಿ, ಮುಖಪುಟ ಹೊದಿಸಿ, ಮೂರು ಕಡೆ ಕತ್ತರಿಸಿದರೆ ಪುಸ್ತಕ. ಮೊದಲ ಪ್ರತಿಗೆ ಎಷ್ಟು ಖರ್ಚೋ ನೂರನೇ ಪ್ರತಿಗೂ ಹೆಚ್ಚುಕಡಿಮೆ ಅಷ್ಟೇ. ಜೆರಾಕ್ಸ್ ಕಂಪನಿಯ ಡಾಕ್ಯುಟೆಕ್ ಯಂತ್ರ 1990ರಲ್ಲಿ ಬಂದಮೇಲೆ ಈ ದಾರಿ ತೆರೆಯಿತು. 1997ರಲ್ಲಿ ಅಮೆರಿಕದ ಪುಸ್ತಕ ವಿತರಕ ಸಂಸ್ಥೆ ಇಂಗ್ರಾಮ್ ಇದಕ್ಕೆಂದೇ ಒಂದು ಘಟಕ ಶುರುಮಾಡಿತು, ಮುಂದೆ ಅದೇ ಲೈಟ್ನಿಂಗ್ ಸೋರ್ಸ್ ಆಯಿತು. ಗೋದಾಮಿನಲ್ಲಿ ಪುಸ್ತಕ ಪೇರಿಸುವ ಬದಲು ಕಡತ ಇಟ್ಟುಕೊಂಡರಾಯಿತು ಅನ್ನುವ ಲೆಕ್ಕ ಅದು.

ನಮ್ಮಲ್ಲಿ ಪಿಒಡಿ ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ವಿಷಯಗಳು ಬೆರೆತುಹೋಗಿವೆ. ಪ್ರೆಸ್ಸಿಗೆ ಹೋಗಿ 'ಐವತ್ತು ಪ್ರತಿ ಹಾಕಿಕೊಡಿ' ಎಂದು ಡಿಜಿಟಲ್‌ನಲ್ಲಿ ಹಾಕಿಸಿಕೊಂಡು ಬರುವುದು ಒಂದು. ಅದು ಶಾರ್ಟ್ ರನ್, ಅಂದರೆ ಸಣ್ಣ ಮುದ್ರಣ. ದುಡ್ಡು ಮೊದಲೇ ಕೊಡಬೇಕು, ಪುಸ್ತಕ ನಿಮ್ಮ ಮನೆಗೇ ಬರುತ್ತದೆ, ಮಾರುವುದು, ಪೋಸ್ಟ್ ಮಾಡುವುದು ಎಲ್ಲ ನಿಮ್ಮದೇ. ನಿಜವಾದ ಪಿಒಡಿ ಇನ್ನೊಂದು. ಓದುಗ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದ ಮೇಲೆ ಆ ಒಂದು ಪ್ರತಿ ಮುದ್ರಣವಾಗಿ ನೇರ ಅವನ ಮನೆಗೆ ಹೋಗುತ್ತದೆ. ನಿಮ್ಮ ಕೈಗೆ ಪುಸ್ತಕವೂ ಬರಲ್ಲ, ಖರ್ಚೂ ಬರಲ್ಲ, ಉಳಿದ ಪಾಲು ಮಾತ್ರ ಬರುತ್ತದೆ. ಯಾರಾದರೂ 'ನಾವು ಪಿಒಡಿ ಮಾಡ್ತೀವಿ' ಅಂದರೆ ಮೊದಲು ಕೇಳಿ: ಯಾರಿಗೆ ಕಳಿಸ್ತೀರಿ, ನನಗೋ ಓದುಗರಿಗೋ?

ಭಾರತದಲ್ಲಿ ನಿಜವಾದ ಪಿಒಡಿ ಕೊಡುವವರಲ್ಲಿ ಬೆಂಗಳೂರಿನ ಪೋಥಿ ಡಾಟ್ ಕಾಮ್ ಹಳಬರು. ಶುರುವಾದದ್ದು 2008ರಲ್ಲಿ. ಚೆನ್ನೈನ ನೋಷನ್ ಪ್ರೆಸ್ 2012ರಿಂದ ಇದೆ. ಎರಡರಲ್ಲೂ ನೀವೇ ಕಡತ ಏರಿಸಿ, ಬೆಲೆ ಇಟ್ಟು, ಮಾರಾಟಕ್ಕೆ ಬಿಡಬಹುದು. ಇಂಗ್ರಾಮ್‌ನ ಜೊತೆ ಕೆಲಸ ಮಾಡುವ ಮುಂಬೈನ ರೆಪ್ರೊ ಇಂಡಿಯಾ ಇನ್ನೂ ದೊಡ್ಡ ಮಟ್ಟದ್ದು, ಅದು ಹೆಚ್ಚಾಗಿ ಪ್ರಕಾಶಕರಿಗೆ.

ಲೇಖಕರೇ ಪುಸ್ತಕ ಪ್ರಕಟಿಸುವ ಅಮೆಜಾನ್ ತಾಣ ಕೆಡಿಪಿ ಏನಾಯ್ತು ಅಂತ ಕೇಳುತ್ತೀರಿ, ಎಲ್ಲರೂ ಮೊದಲು ಕೇಳುವುದು ಅದನ್ನೇ. ಇಂಗ್ಲಿಷ್ ಯೂಟ್ಯೂಬ್ ವಿಡಿಯೋಗಳಲ್ಲಿ ಪಿಒಡಿ ಅಂದರೆ ಕೆಡಿಪಿ. 2018ರಲ್ಲಿ ಅಮೆಜಾನ್ ಕಾಗದದ ಪುಸ್ತಕ ಮಾಡುತ್ತಿದ್ದ ತನ್ನ ಕ್ರಿಯೇಟ್‌ಸ್ಪೇಸ್ ಅನ್ನು ಕೆಡಿಪಿಯೊಳಗೆ ಸೇರಿಸಿಕೊಂಡ ಮೇಲೆ ಇ-ಪುಸ್ತಕ, ಕಾಗದದ ಪುಸ್ತಕ ಎರಡೂ ಒಂದೇ ಕಡೆ. ನಮಗೆ ಮಾತ್ರ ಎರಡು ತೊಡಕು. ಅಮೆಜಾನ್‌ನ ಇ-ಪುಸ್ತಕ ಸೇವೆ ಕಿಂಡಲ್‌ಗೆ 2016ರ ಕೊನೆಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಕನ್ನಡ ಆ ಸಾಲಿನಲ್ಲಿ ಇರಲಿಲ್ಲ. ಓದುಗರು ಕೇಳುತ್ತಲೇ ಬಂದರು. ಎರಡನೆಯದು, ಕೆಡಿಪಿಯ ಕಾಗದದ ಪುಸ್ತಕ ಅಮೆರಿಕ, ಬ್ರಿಟನ್, ಜರ್ಮನಿ, ಜಪಾನ್‌ನಂಥ ದೇಶಗಳ ಅಮೆಜಾನ್ ಮಳಿಗೆಗಳಿಗಾಗಿ ಕಟ್ಟಿದ ವ್ಯವಸ್ಥೆ. ನಮ್ಮ ದೇಶದ ಓದುಗನಿಗೆ ಇಲ್ಲೇ ಮುದ್ರಿಸಿ ಕಳಿಸುವುದಕ್ಕಲ್ಲ. ದಾವಣಗೆರೆಯ ಓದುಗನಿಗೆ ಪುಸ್ತಕ ತಲುಪಿಸಲು ಅದನ್ನು ನೆಚ್ಚಿಕೊಂಡರೆ ಆಗಲ್ಲ.

ಈಗ ದುಡ್ಡಿನ ಮಾತು. ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲಿ ಅಂತ ನಾನೇ ಹಿಡಿದವು. ನಿಮ್ಮ ಪ್ರೆಸ್ಸಿನ ದರ ಹಾಕಿಕೊಂಡು ಮತ್ತೆ ಮಾಡಿ ನೋಡಿ.

160 ಪುಟದ ಪುಸ್ತಕ. ಆಫ್‌ಸೆಟ್‌ನಲ್ಲಿ ಸಾವಿರ ಪ್ರತಿಗೆ 60,000 ರೂಪಾಯಿ ಅಂದುಕೊಳ್ಳೋಣ, ಪ್ರತಿಗೆ 60 ಬಿತ್ತು. ಮುಖಬೆಲೆ 200 ಇಟ್ಟಿರಿ. ಅಂಗಡಿಯವರು ಶೇ. 40 ಹಿಡಿದರು. ಒಂದು ಪ್ರತಿ ಮಾರಿದರೆ ನಿಮ್ಮ ಕೈಗೆ 120. ಹಾಕಿದ ದುಡ್ಡು ವಾಪಸ್ ಬರಲು 500 ಪ್ರತಿ ಹೋಗಬೇಕು. ಅಲ್ಲಿಂದ ಮುಂದೆ ಲಾಭ.

ಅದೇ ಪುಸ್ತಕ ಪಿಒಡಿಯಲ್ಲಿ ಪ್ರತಿಗೆ 100 ರೂಪಾಯಿ ಬೀಳುತ್ತದೆ ಅನ್ನಿ. 200ಕ್ಕೆ ಮಾರಿದರೆ ಅಂಗಡಿಗೆ 80, ಮುದ್ರಣಕ್ಕೆ 100, ನಿಮಗೆ 20. ಅದು ಸಾಲದು ಅಂತ ಬೆಲೆ 250 ಮಾಡುತ್ತೀರಿ. ಅಂಗಡಿಗೆ 100, ಮುದ್ರಣಕ್ಕೆ 100, ನಿಮಗೆ 50. ಓದುಗನಿಗೆ 50 ರೂಪಾಯಿ ಜಾಸ್ತಿ, ಮೇಲೆ ಅಂಚೆ ಖರ್ಚು. ಆದರೆ ನೀವು ಮೊದಲು ಹಾಕಿದ್ದು ಸೊನ್ನೆ.

ಒಟ್ಟು 300 ಪ್ರತಿ ಮಾರಾಟವಾದರೆ? ಆಫ್‌ಸೆಟ್‌ನಲ್ಲಿ 36,000 ಬಂತು, 24,000 ಕೈಬಿಟ್ಟಿತು, 700 ಪುಸ್ತಕ ಅಟ್ಟದಲ್ಲಿ. ಪಿಒಡಿಯಲ್ಲಿ 15,000 ಕೈಗೆ ಬಂತು. ಸಾವಿರವೂ ಹೋದರೆ? ಆಫ್‌ಸೆಟ್‌ನಲ್ಲಿ 60,000, ಪಿಒಡಿಯಲ್ಲಿ 50,000. ಈ ಲೆಕ್ಕದಲ್ಲಿ ಆಫ್‌ಸೆಟ್ ಮೇಲುಗೈ ಸಾಧಿಸುವುದು ಸುಮಾರು 860 ಪ್ರತಿ ದಾಟಿದ ಮೇಲೆ. ನಿಮ್ಮ ಪುಸ್ತಕ 860 ಪ್ರತಿ ಹೋಗುತ್ತದೆ ಅನ್ನುವ ಧೈರ್ಯ ಇದ್ದರೆ ಆಫ್‌ಸೆಟ್ ಹಾಕಿಸಿ. ಈ ಧೈರ್ಯ ಬಿಡುಗಡೆಗೆ ಮುಂಚೆ ಎಲ್ಲರಿಗೂ ಇರುತ್ತದೆ, ಅದು ಬೇರೆ ಮಾತು.

ಹಾಗಂತ ಪೂರ್ತಿ ಪಿಒಡಿಗೆ ಹೋಗಿ ಅಂತಲೂ ಹೇಳಲಾರೆ. ಕನ್ನಡ ಪುಸ್ತಕ ಹೆಚ್ಚು ಹೋಗುವುದು ಕೈಯಿಂದ ಕೈಗೆ. ಬಿಡುಗಡೆಯ ಸಭೆ, ಸಾಹಿತ್ಯ ಸಮ್ಮೇಳನದ ಮಳಿಗೆ, ಕಾಲೇಜಿನ ಕಾರ್ಯಕ್ರಮ. ಮೇಜಿನ ಮೇಲೆ ಪುಸ್ತಕ ಇದ್ದರೆ ಕಾಫಿ ಕುಡಿಯುತ್ತಾ ಒಬ್ಬರು ಎತ್ತಿಕೊಳ್ಳುತ್ತಾರೆ. 'ಲಿಂಕ್ ಕಳಿಸ್ತೀನಿ ಸಾರ್' ಅಂದರೆ 'ಕಳ್ಸಿ ಕಳ್ಸಿ' ಅಂದು ಮರೆತುಬಿಡುತ್ತಾರೆ. ಅದಕ್ಕೆ ನಾನು ಮಾಡಿಕೊಂಡ ದಾರಿ ಇದು: ಬಿಡುಗಡೆಗೆ ನೂರು ಪ್ರತಿ ಸಣ್ಣ ಮುದ್ರಣ, ಆಮೇಲೆ ಬರುವ ಬಿಡಿ ಬೇಡಿಕೆಗೆ ಪಿಒಡಿ. ಎರಡಕ್ಕೂ ಒಂದೇ ಕಡತ ಸಾಕು. ಕೈಯಿಂದ ಮಾರಿದ ಪ್ರತಿಗೆ ಅಂಗಡಿಯ ಪಾಲು ಇಲ್ಲ, ಹಾಗಾಗಿ ಮುದ್ರಣ ಸ್ವಲ್ಪ ದುಬಾರಿಯಾದರೂ ನಷ್ಟವಿಲ್ಲ.

ಒಂದು ಕಡೆ ಮಾತ್ರ ಪಿಒಡಿ ಗಿಟ್ಟಲ್ಲ, ಗ್ರಂಥಾಲಯ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುವುದು ಪುಟಕ್ಕೆ ಇಷ್ಟು ಅನ್ನುವ ನಿಗದಿತ ದರದಲ್ಲಿ. ಆಯ್ಕೆಯಾದರೆ ಒಟ್ಟಿಗೆ ಒಂದಷ್ಟು ನೂರು ಪ್ರತಿ ಕೊಡಬೇಕು. ಅಷ್ಟು ಪ್ರತಿಯನ್ನು ಪಿಒಡಿ ದರದಲ್ಲಿ ಹಾಕಿಸಿ ಕೊಟ್ಟರೆ ಕೈಯಿಂದ ಹೋಗುವುದೇ ಜಾಸ್ತಿ. ಆಯ್ಕೆಯಾಯಿತು ಅನ್ನುವ ಪತ್ರ ಬಂದಮೇಲೆ ಅಷ್ಟಕ್ಕೆ ಆಫ್‌ಸೆಟ್ ಹಾಕಿಸುವುದೇ ಜಾಣತನ.

ಕಡತ ಸರಿ ಇದ್ದರೆ ಅರ್ಧ ಗೆದ್ದ ಹಾಗೆ

ಊರಿನ ಪ್ರೆಸ್ಸಿನಲ್ಲಾದರೆ ಒಬ್ಬ ಡಿಟಿಪಿಯವನು ಇರುತ್ತಾನೆ. 'ಸಾರ್, ಇಲ್ಲಿ ಒಂದು ಸಾಲು ಜಾರಿದೆ' ಅಂತ ಫೋನ್ ಮಾಡುತ್ತಾನೆ. ಪಿಒಡಿಯಲ್ಲಿ ಯಾರೂ ಫೋನ್ ಮಾಡಲ್ಲ. ನೀವು ಏರಿಸಿದ್ದೇ ಅಚ್ಚಾಗುತ್ತದೆ, ತಪ್ಪೂ ಸೇರಿ.

ನಮ್ಮ ಮೊದಲ ತಲೆನೋವು ಅಕ್ಷರ. ಹಳೆಯ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಕಡತಗಳು ಆಸ್ಕಿ ಅನ್ನುವ ಹಳೆಯ ಅಕ್ಷರ ಸಂಕೇತದಲ್ಲಿ ಇರುತ್ತವೆ. ಪಿಡಿಎಫ್ ಮಾಡಿ ಅಚ್ಚಿಗೆ ಕಳಿಸುವ ಮಟ್ಟಿಗೆ ಅದೂ ನಡೆಯುತ್ತದೆ, ಯಂತ್ರಕ್ಕೆ ಬೇಕಾದದ್ದು ಅಕ್ಷರದ ಆಕಾರ ಅಷ್ಟೇ. ಆದರೆ ಮಾರಾಟದ ಪುಟದಲ್ಲಿ ಪುಸ್ತಕದ ಹೆಸರು, ಪರಿಚಯ ಈಗ ಎಲ್ಲ ಕಡೆ ನಡೆಯುವ ಯುನಿಕೋಡ್ ಸಂಕೇತದಲ್ಲೇ ಇರಬೇಕು, ಇಲ್ಲದಿದ್ದರೆ ಹುಡುಕಿದವರಿಗೆ ಸಿಗಲ್ಲ. ಮುಂದೆ ಇ-ಪುಸ್ತಕ ಮಾಡುವ ಆಸೆ ಇದ್ದರೆ ಒಳಪುಟಗಳನ್ನೂ ಈಗಲೇ ಯುನಿಕೋಡ್‌ಗೆ ತಂದುಬಿಡಿ. ಪರಿವರ್ತನೆ ಆದಮೇಲೆ ಒಂದು ಸಲ ಸಾಲು ಸಾಲಾಗಿ ಓದಲೇಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದು ಯಾವುದೋ ಲೋಕದ ಕನ್ನಡವಾಗಿ ಕೂತಿರುತ್ತದೆ.

ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಕಟ್ಟುವವರು ಅದರ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಆಯ್ಕೆ ಆರಿಸಿಕೊಳ್ಳದಿದ್ದರೆ ಒತ್ತುಗಳು ಕೆಳಗಿಳಿಯದೆ ಪಕ್ಕಕ್ಕೆ ಬೀಳುತ್ತವೆ. 'ಕನ್ನಡ' ಹೋಗಿ 'ಕನ್‌ನಡ' ಆಗುತ್ತದೆ. ವರ್ಡ್ ಕಡತವನ್ನು ಹಾಗೇ ಕೊಟ್ಟು 'ನೀವೇ ಪಿಡಿಎಫ್ ಮಾಡ್ಕೊಳ್ಳಿ' ಅನ್ನಬೇಡಿ. ನಿಮ್ಮ ಫಾಂಟ್ ಅವರ ಕಂಪ್ಯೂಟರ್‌ನಲ್ಲಿ ಇರಲ್ಲ. ಫಾಂಟ್ ಒಳಗೇ ಸೇರಿದ ಪಿಡಿಎಫ್ ನಿಮ್ಮ ಕಡೆಯಿಂದಲೇ ಹೋಗಲಿ.

ಸಾಲಿನ ನಡುವೆ ಜಾಗ ಬಿಡಿ. ಇಂಗ್ಲಿಷ್ ಪುಸ್ತಕದ ಅಳತೆ ನಮಗೆ ಹೊಂದಲ್ಲ, ನಮ್ಮ ಅಕ್ಷರಗಳಿಗೆ ನೆಲಮಹಡಿಯೂ ಇದೆ. 'ರಾಷ್ಟ್ರ' ಬರೆದು ನೋಡಿ, ಒತ್ತಿನ ಕೆಳಗೆ ಇನ್ನೊಂದು ಒತ್ತು. 12 ಪಾಯಿಂಟ್ ಅಕ್ಷರಕ್ಕೆ 17 ಅಥವಾ 18 ಪಾಯಿಂಟ್ ಸಾಲು ಇದ್ದರೆ ಕಣ್ಣಿಗೆ ಹಿತ. ಪುಟ ಉಳಿಸಲು ಸಾಲು ಒತ್ತರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪಿಒಡಿಯಲ್ಲಿ ಪುಟಕ್ಕೆ ದುಡ್ಡು ನಿಜ. ಆದರೆ ಓದೋಕೆ ಆಗದ ಪುಸ್ತಕ ಅಗ್ಗವಾಗಿ ಸಿಕ್ಕಿ ಏನು ಮಾಡೋದು?

ಇನ್ನು ಬೆನ್ನು. ಮುಖಪುಟದ ಕಡತ ಅಂದರೆ ಮುಂದಿನ ಪುಟ ಒಂದೇ ಅಲ್ಲ. ಹಿಂಬದಿ, ಬೆನ್ನು, ಮುಂಬದಿ ಮೂರೂ ಸೇರಿದ ಒಂದೇ ಹಾಳೆ, ಸುತ್ತಲೂ ಕತ್ತರಿಸಲು ಸುಮಾರು 3 ಮಿಲಿಮೀಟರ್ ಹೆಚ್ಚುವರಿ. ಬೆನ್ನಿನ ಅಗಲ ಒಳಪುಟಗಳ ಮೇಲೆ ನಿಂತಿದೆ. 160 ಪುಟ ಅಂದರೆ 80 ಹಾಳೆ. ಹಾಳೆಗೆ 0.1 ಮಿಲಿಮೀಟರ್ ದಪ್ಪ ಹಿಡಿದರೆ ಬೆನ್ನು 8 ಮಿಲಿಮೀಟರ್. ಹೆಚ್ಚಿನ ಪಿಒಡಿಯವರು ಪುಟ ಸಂಖ್ಯೆ ಹಾಕಿದರೆ ಅಳತೆ ತಾವೇ ಹೇಳುತ್ತಾರೆ.

ನಾನು ಎಡವಿದ್ದು ಇಲ್ಲೇ. ಮುಖಪುಟ ಸಿದ್ಧವಾಗಿತ್ತು, ಬೆನ್ನು ಕಪ್ಪು, ಮುಂಬದಿ ಹಳದಿ. ಮುನ್ನುಡಿ ಬರೆದುಕೊಡುತ್ತೇನೆ ಎಂದಿದ್ದ ಹಿರಿಯರು ನಾಲ್ಕು ತಿಂಗಳು ಸುಮ್ಮನಿದ್ದು, ಆಸೆ ಬಿಟ್ಟ ಮೇಲೆ 24 ಪುಟ ಕಳಿಸಿದರು. ಬಿಡೋಕಾಗುತ್ತಾ? ಸೇರಿಸಿದೆ. ಬೆನ್ನಿನ ಅಳತೆ ಬದಲಿಸುವುದು ಮರೆತೆ. ಹನ್ನೆರಡು ಹಾಳೆ ಅಂದರೆ 1.2 ಮಿಲಿಮೀಟರ್, ಅಷ್ಟೇ. ಆದರೆ ಪುಸ್ತಕ ಕೈಗೆ ಬಂದಾಗ ಕಪ್ಪು ಪಟ್ಟಿ ಬೆನ್ನಿಗೆ ಸಾಲದೆ ಪಕ್ಕದಿಂದ ಹಳದಿ ಇಣುಕುತ್ತಿತ್ತು, ಅಂಗಿಗಿಂತ ಬನಿಯನ್ ಉದ್ದವಾದ ಹಾಗೆ. ಪುಣ್ಯಕ್ಕೆ ಅದು ಪರೀಕ್ಷೆಗೆಂದು ತರಿಸಿದ ಒಂದೇ ಪ್ರತಿ. ಪಿಒಡಿಯ ದೊಡ್ಡ ಉಪಕಾರ ಇದು. ಮಾರಾಟಕ್ಕೆ ಬಿಡುವ ಮುಂಚೆ ಒಂದು ಪ್ರತಿ ತರಿಸಿ, ಪೆನ್ಸಿಲ್ ಹಿಡಿದು ಮೊದಲಿಂದ ಕೊನೆಯ ತನಕ ಓದಿ. ಪರದೆಯ ಮೇಲೆ ಹತ್ತು ಸಲ ಓದಿದರೂ ಕಾಣದ ತಪ್ಪು ಕಾಗದದ ಮೇಲೆ ಎದ್ದು ಬರುತ್ತದೆ.

ಗುಣಮಟ್ಟದ ಬಗ್ಗೆ ಎರಡು ಮಾತು. ಬರೀ ಅಕ್ಷರ ಇರುವ ಪುಸ್ತಕದಲ್ಲಿ ಆಫ್‌ಸೆಟ್ ಯಾವುದು, ಡಿಜಿಟಲ್ ಯಾವುದು ಅಂತ ಸಾಮಾನ್ಯ ಓದುಗನಿಗೆ ಗೊತ್ತೇ ಆಗಲ್ಲ. ಬೆಳಕಿಗೆ ಹಿಡಿದರೆ ಡಿಜಿಟಲ್‌ನ ಶಾಯಿಪುಡಿ, ಅಂದರೆ ಟೋನರ್, ಕೊಂಚ ಮಿನುಗುತ್ತದೆ. ಒಳಗೆ ಬಣ್ಣದ ಚಿತ್ರ ಇದ್ದರೆ ಮಾತು ಬೇರೆ. ಬಣ್ಣದ ಪುಟದ ದರ ಹಲವು ಪಟ್ಟು, ಮಕ್ಕಳ ಚಿತ್ರಪುಸ್ತಕಕ್ಕೆ ಪಿಒಡಿ ನೆಚ್ಚಿದರೆ ಬೆಲೆ ಯಾರೂ ಕೊಳ್ಳದ ಮಟ್ಟಕ್ಕೆ ಹೋಗುತ್ತದೆ.

ಐಎಸ್‌ಬಿಎನ್ ಯಾರ ಹೆಸರಲ್ಲಿ?

ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ಸಂಖ್ಯೆ. ನಮ್ಮ ದೇಶದಲ್ಲಿ ಅದು ಉಚಿತ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲೇ. ಪ್ರಕಾಶನ ಸಂಸ್ಥೆ ಇರಲೇಬೇಕು ಅಂತಿಲ್ಲ, ಲೇಖಕರೇ ಹಾಕಬಹುದು. ಸ್ವಲ್ಪ ಕಾಯಬೇಕು, ಅಷ್ಟೇ. ಕಾಯುವ ತಾಳ್ಮೆ ಇಲ್ಲದವರಿಗೆ ಪಿಒಡಿ ಸಂಸ್ಥೆಗಳು ತಮ್ಮದನ್ನೇ ಕೊಡುತ್ತವೆ. ಅದನ್ನು ತೆಗೆದುಕೊಂಡರೆ ದಾಖಲೆಯಲ್ಲಿ ಪ್ರಕಾಶಕರು ಅವರಾಗುತ್ತಾರೆ. ನಾಳೆ ನೀವು ಬೇರೆ ಕಡೆ ಹೋದರೆ ಆ ಸಂಖ್ಯೆ ಜೊತೆಗೆ ಬರಲ್ಲ, ಹೊಸದು ಬೇಕು. ಇ-ಪುಸ್ತಕಕ್ಕೂ ಬೇರೆಯೇ ಸಂಖ್ಯೆ.

ನಿಮ್ಮ ಹೆಸರಲ್ಲೇ ಪ್ರಕಾಶನ ಅಂದರೆ ಒಂದು ಕರ್ತವ್ಯವೂ ಉಂಟು. 1954ರ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ನ್ಯಾಷನಲ್ ಲೈಬ್ರರಿ, ಚೆನ್ನೈನ ಕನ್ನೆಮರಾ, ಮುಂಬೈ ಮತ್ತು ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಸ್ವಂತ ಖರ್ಚಲ್ಲಿ ಕಳಿಸಬೇಕು. ಸ್ವಂತ ಪುಸ್ತಕ ತರುವ ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ. ನಾಲ್ಕು ಪ್ರತಿಯ ಖರ್ಚು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ಯಾಕೇಜುಗಳ ಬಗ್ಗೆ ಎಚ್ಚರ. ಪಿಒಡಿ ಅಂತ ಹುಡುಕಿದ ಮರುದಿನದಿಂದಲೇ ನಿಮಗೆ ಫೋನ್ ಬರಲು ಶುರು. ಸಂಪಾದನೆ, ಮುಖಪುಟ, ಪ್ರಚಾರ, ಪ್ರಶಸ್ತಿ ಎಲ್ಲ ಸೇರಿ ಇಷ್ಟು ಸಾವಿರ ಅನ್ನುತ್ತಾರೆ. ಮುಖಪುಟಕ್ಕೆ, ಕರಡು ತಿದ್ದುವವರಿಗೆ ದುಡ್ಡು ಕೊಡುವುದು ನ್ಯಾಯವೇ. ಆದರೆ ಕನ್ನಡವೇ ಬಾರದವರು ಕನ್ನಡ ಪುಸ್ತಕದ ಪ್ರಚಾರ ಹೇಗೆ ಮಾಡುತ್ತಾರೆ? ನನಗೆ ಫೋನ್ ಮಾಡಿದ್ದ ಒಬ್ಬರು 'ನಿಮ್ಮ ನಾವೆಲ್ ತುಂಬಾ ಚೆನ್ನಾಗಿದೆ' ಅಂದರು. ನಾನು ಬರೆದದ್ದು ಪ್ರಬಂಧ. ದುಡ್ಡು ಕಟ್ಟುವ ಮುಂಚೆ ಒಪ್ಪಂದದಲ್ಲಿ ನಾಲ್ಕು ವಿಷಯ ನೋಡಿ. ಹಕ್ಕು ನಿಮ್ಮದೇ ಉಳಿಯುತ್ತದೆಯೇ, ಬೇರೆ ಕಡೆಯೂ ಮಾರಬಹುದೇ, ನಿಮಗೇ ಪ್ರತಿ ಬೇಕಾದರೆ ಯಾವ ದರ, ಬಿಟ್ಟು ಹೊರಡುವಾಗ ಪುಟ ಕಟ್ಟಿದ ಕಡತ ಕೈಗೆ ಕೊಡುತ್ತಾರೆಯೇ. ಕೊನೆಯದನ್ನು ಕೇಳಿದಾಗ ಕೆಲವರ ದನಿ ಬದಲಾಗುತ್ತದೆ.

ಹೊರದೇಶದ ಕನ್ನಡಿಗರು ಬಹಳ ಸಲ ಕೇಳುತ್ತಾರೆ, ಇಲ್ಲಿಗೆ ಹೇಗೆ ತರಿಸೋದು ಅಂತ. ಇಲ್ಲಿಂದ ಒಂದು ಪುಸ್ತಕ ಕೊರಿಯರ್ ಮಾಡಿದರೆ ಪುಸ್ತಕದ ಬೆಲೆಗಿಂತ ಸಾಗಣೆಯೇ ಜಾಸ್ತಿ. ಕಡತ ಮಾತ್ರ ಸಮುದ್ರ ದಾಟಿ ಅಲ್ಲೇ ಅಚ್ಚಾಗುವುದಾದರೆ ಪಿಒಡಿಗೆ ಅದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ಸಂಸ್ಥೆ ಆರಿಸುವಾಗ ಹೊರದೇಶದಲ್ಲೇ ಮುದ್ರಣ ಮಾಡಿಸುತ್ತೀರಾ, ಅದರಲ್ಲಿ ಕನ್ನಡವೂ ಸೇರಿದೆಯೇ ಅಂತ ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ. 'ವಿಶ್ವದಾದ್ಯಂತ ಲಭ್ಯ' ಅನ್ನುವ ಜಾಹೀರಾತು ಕೆಲವೊಮ್ಮೆ ಇಂಗ್ಲಿಷ್ ಪುಸ್ತಕಕ್ಕೆ ಮಾತ್ರ.

ನನ್ನ ಎರಡನೇ ಪುಸ್ತಕದ ಪುಟ ಕಟ್ಟಿದ ಹುಡುಗ ಎರಡನೇ ಪುಟಕ್ಕೆ ಬಂದು 'ಪ್ರತಿಗಳು ಎಷ್ಟು ಅಂತ ಹಾಕ್ಲಿ ಸಾರ್?' ಅಂದ. ತಮಾಷೆಗೆ 'ಬೇಕಾದಷ್ಟು' ಅಂದೆ, ಅವನು ಹಾಗೇ ಹಾಕಿಬಿಟ್ಟ. ಆಮೇಲೆ ಆ ಪುಸ್ತಕದಲ್ಲಿ ಎರಡು ಸಲ ತಪ್ಪು ತಿದ್ದಿ ಕಡತ ಬದಲಿಸಿದೆ. ಈಗ ಓದುಗರ ಹತ್ತಿರ ಮೂರು ಥರದ ಪ್ರತಿಗಳಿವೆ. ಯಾರಾದರೂ '64ನೇ ಪುಟದಲ್ಲಿ ತಪ್ಪಿದೆ' ಅಂದರೆ ಅದು ತಿದ್ದಿದ್ದೋ ತಿದ್ದದ್ದೋ ನನಗೇ ಗೊತ್ತಾಗಲ್ಲ. ಹಾಗಾಗಿ ಮೂರನೇ ಪುಸ್ತಕದಲ್ಲಿ ಆ ಸಾಲು ತೆಗೆಸಿ, ಅದೇ ಜಾಗದಲ್ಲಿ ಕಡತ ಸಿದ್ಧವಾದ ದಿನಾಂಕ ಹಾಕಿಸಿದ್ದೇನೆ.